ನಿಸ್ತಂತು ಸಂವೇದಕ ಜಾಲಗಳ ಭದ್ರತೆ: ಮಧ್ಯಸ್ತರ ತಂತ್ರಾಂಶದ ಪಾತ್ರ ಮತ್ತು ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ನೀರಿನ ಮಾಪಕ, ವಿದ್ಯುತ್ ಮಾಪಕ, ಮಳೆಮಾಪಕ, ಮಣ್ಣಿನ ತೇವಾಂಶ ಮಾಪಕ, ಕೊಳವೆ ಬಾವಿಯ ಜಲಮಟ್ಟ ಮಾಪಕ ಮುಂತಾದ ಉಪಕರಣಗಳು ಈಗ ತಂತಿಯ ಸಂಪರ್ಕವಿಲ್ಲದೆ, ರೇಡಿಯೋ ತರಂಗಗಳ ಮೂಲಕ ತಮ್ಮ ಅಳತೆಗಳನ್ನು ಕಳುಹಿಸುವ ವ್ಯವಸ್ಥೆ ಬಳಕೆಗೆ ಬಂದಿರುತ್ತದೆ. ಇಂತಹ ಅನೇಕ ಉಪಕರಣಗಳು ಒಂದಕ್ಕೊಂದು ಸಂಪರ್ಕ ಹೊಂದಿ ಕೆಲಸ ಮಾಡುವ ವ್ಯವಸ್ಥೆಯನ್ನು ನಿಸ್ತಂತು ಸಂವೇದಕ ಜಾಲ ಎಂದು ಕರೆಯಲಾಗುತ್ತದೆ.

ಈ ಅಳತೆಗಳನ್ನು ಆಧರಿಸಿ ಬಿಲ್ಲು ಸಿದ್ಧವಾಗುತ್ತದೆ, ಪಂಪು ಚಾಲನೆಗೊಳ್ಳುತ್ತದೆ, ತೊಟ್ಟಿಯ ಕವಾಟ ತೆರೆಯುತ್ತದೆ, ಪ್ರವಾಹದ ಎಚ್ಚರಿಕೆ ಹೊರಡುತ್ತದೆ. ಆದುದರಿಂದ ಅಳತೆಯು ಸುಳ್ಳಾದಲ್ಲಿ ಅದನ್ನು ಆಧರಿಸಿದ ಕ್ರಮವೂ ತಪ್ಪಾಗುತ್ತದೆ. ಬಾರದೇ ಹೋದ ಅಳತೆ ಕೂಡಲೇ ಗಮನಕ್ಕೆ ಬರುತ್ತದೆ. ಆದರೆ ನಿಜದಂತೆ ಕಾಣುವ ಸುಳ್ಳು ಅಳತೆ ಗಮನಕ್ಕೆ ಬರುವುದಿಲ್ಲ. ಸಂವೇದಕ ಜಾಲದ ಭದ್ರತೆಯ ಮುಖ್ಯ ಉದ್ದೇಶವು ಈ ಎರಡನೆಯ ಬಗೆಯ ಅಪಾಯವನ್ನು ತಡೆಯುವುದೇ ಆಗಿರುತ್ತದೆ.

ಕರ್ನಾಟಕಕ್ಕೆ ಈ ತಂತ್ರಜ್ಞಾನ ಹೊಸತಲ್ಲ. 2000ರ ದಶಕದ ಮಧ್ಯಭಾಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಸ್ವಿಟ್ಜರ್‌ಲೆಂಡಿನ ಲೌಸಾನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯ ಜಂಟಿಯಾಗಿ ಕೈಗೊಂಡ ಕಾಮನ್ ಸೆನ್ಸ್ ನೆಟ್ ಎಂಬ ಯೋಜನೆಯಡಿ, ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಮಳೆಯಾಶ್ರಿತ ಬೇಸಾಯಕ್ಕೆ ನೆರವಾಗುವ ಸಂವೇದಕ ಜಾಲವನ್ನು ಪ್ರಾಯೋಗಿಕವಾಗಿ ಅಳವಡಿಸಲಾಗಿತ್ತು. ಅಂದು ಸಂಶೋಧನೆಯ ಹಂತದಲ್ಲಿದ್ದ ಇಂತಹ ಜಾಲಗಳನ್ನು ಇಂದು ವಸತಿ ಸಮುಚ್ಚಯಗಳ ಸಂಘಗಳು, ರೈತ ಉತ್ಪಾದಕರ ಸಂಸ್ಥೆಗಳು, ಗ್ರಾಮ ಪಂಚಾಯಿತಿಗಳು ಹಾಗೂ ಖಾಸಗಿ ವ್ಯಕ್ತಿಗಳೂ ಖರೀದಿಸುತ್ತಿದ್ದಾರೆ.

ಸಂವೇದಕ ಜಾಲದ ಸೇವೆಗೆ ಅರ್ಜಿ ಸಲ್ಲಿಸುವವರು ಭದ್ರತೆಯ ವಿಷಯದಲ್ಲಿ ತಿಳಿದಿರಬೇಕಾದ ಮೂಲ ಸಂಗತಿಗಳನ್ನು ಹಾಗೂ ಸೇವಾದಾರರಿಂದ ಲಿಖಿತವಾಗಿ ಪಡೆಯಬೇಕಾದ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

2. ಪದಗಳ ವಿವರಣೆ

ಅ) ನೋಡ್: ಅಳತೆ ಮಾಡುವ ಸಂವೇದಕ, ಚಿಕ್ಕ ಗಣಕ, ರೇಡಿಯೋ ಮತ್ತು ಬ್ಯಾಟರಿ ಇವುಗಳನ್ನೊಳಗೊಂಡ ಉಪಕರಣ.

ಆ) ಗೇಟ್‌ವೇ: ಅನೇಕ ನೋಡ್‌ಗಳಿಂದ ಬರುವ ಸಂದೇಶಗಳನ್ನು ಸ್ವೀಕರಿಸಿ ಮೊಬೈಲ್ ಅಥವಾ ಅಂತರಜಾಲದ ಮೂಲಕ ಮುಂದಕ್ಕೆ ಕಳುಹಿಸುವ ಉಪಕರಣ.

ಇ) ಅನ್ವಯಿಕ ತಂತ್ರಾಂಶ: ಬಳಕೆದಾರರು ಗಣಕದಲ್ಲಿ ಅಥವಾ ಮೊಬೈಲಿನಲ್ಲಿ ನೋಡುವ ತಂತ್ರಾಂಶ. ಬಿಲ್ಲು, ನಕ್ಷೆ, ಎಚ್ಚರಿಕೆ ಮುಂತಾದವು ಇಲ್ಲಿ ದೊರೆಯುತ್ತವೆ.

ಈ) ಮಧ್ಯಸ್ತರ ತಂತ್ರಾಂಶ: ಮಿಡಲ್‌ವೇರ್ ಎಂದು ರೂಢಿಯಲ್ಲಿರುವ ಈ ತಂತ್ರಾಂಶವು ನೋಡ್‌ಗಳಿಗೂ ಅನ್ವಯಿಕ ತಂತ್ರಾಂಶಕ್ಕೂ ನಡುವೆ ನಿಂತು ಕೆಲಸ ಮಾಡುತ್ತದೆ. ಇದರ ಒಂದು ಭಾಗ ನೋಡ್‌ನಲ್ಲಿ, ಒಂದು ಭಾಗ ಗೇಟ್‌ವೇಯಲ್ಲಿ, ಉಳಿದ ಭಾಗ ಕೇಂದ್ರ ಸರ್ವರ್‌ನಲ್ಲಿ ಇರಬಹುದಾಗಿದೆ. ಕಛೇರಿಯೊಂದರ ಆವಕ-ಜಾವಕ ಶಾಖೆಯು ಬರುವ ಪ್ರತಿ ಪತ್ರಕ್ಕೂ ಸಂಖ್ಯೆ, ದಿನಾಂಕ, ಮೊಹರು ಹಾಕಿ ಸಂಬಂಧಪಟ್ಟ ಶಾಖೆಗೆ ತಲುಪಿಸುವಂತೆ, ಮಧ್ಯಸ್ತರವು ಬರುವ ಪ್ರತಿ ಅಳತೆಯನ್ನೂ ಪರಿಶೀಲಿಸಿ, ದಾಖಲಿಸಿ ಮುಂದಕ್ಕೆ ಕಳುಹಿಸುತ್ತದೆ.

ಉ) ಕೀಲಿ: ಸಂದೇಶವನ್ನು ಗೂಢಲಿಪಿಗೆ ಪರಿವರ್ತಿಸಲು ಹಾಗೂ ಪುನಃ ಓದಲು ಬಳಸುವ ಗುಪ್ತ ಸಂಖ್ಯೆ.

ಊ) ದೃಢೀಕರಣ ಮುದ್ರೆ: ಸಂದೇಶದ ಜೊತೆಗೆ ಕಳುಹಿಸುವ ಕೆಲವು ಬೈಟ್‌ಗಳ ಸಂಖ್ಯೆ. ಕೀಲಿಯನ್ನು ಬಲ್ಲವರು ಮಾತ್ರ ಇದನ್ನು ರಚಿಸಬಲ್ಲರು. ಸಂದೇಶದ ಒಂದು ಅಕ್ಷರ ಬದಲಾದರೂ ಮುದ್ರೆ ತಾಳೆಯಾಗುವುದಿಲ್ಲ.

3. ಜಾಲಕ್ಕೆ ಒದಗಬಹುದಾದ ಅಪಾಯಗಳು

ಭಾರತದಲ್ಲಿ 2005ರಲ್ಲಿ ಹೊರಡಿಸಲಾದ ಅಧಿಸೂಚನೆಗಳ ಪ್ರಕಾರ 865ರಿಂದ 867 ಮೆಗಾಹರ್ಟ್ಸ್ ಹಾಗೂ 2400ರಿಂದ 2483.5 ಮೆಗಾಹರ್ಟ್ಸ್ ತರಂಗ ಪಟ್ಟಿಗಳಲ್ಲಿ, ನಿಗದಿತ ಶಕ್ತಿಮಿತಿಗೆ ಒಳಪಟ್ಟ ಉಪಕರಣಗಳನ್ನು ಪರವಾನಗಿಯಿಲ್ಲದೆ ಬಳಸಲು ಅವಕಾಶ ಕಲ್ಪಿಸಲಾಗಿದೆ. ಬಹುತೇಕ ಸಂವೇದಕ ಜಾಲಗಳು ಈ ಪಟ್ಟಿಗಳಲ್ಲಿಯೇ ಕೆಲಸ ಮಾಡುತ್ತವೆ. ಪರವಾನಗಿ ಬೇಡವೆಂದ ಮಾತ್ರಕ್ಕೆ ಸಂದೇಶ ಗುಪ್ತವಾಗಿರುತ್ತದೆ ಎಂದು ಅರ್ಥವಲ್ಲ. ತರಂಗದ ವ್ಯಾಪ್ತಿಯೊಳಗೆ ಸೂಕ್ತ ಗ್ರಾಹಕ ಹೊಂದಿರುವ ಯಾರು ಬೇಕಾದರೂ ಸಂದೇಶವನ್ನು ಕೇಳಬಹುದು ಹಾಗೂ ತಾವೂ ಸಂದೇಶ ಕಳುಹಿಸಬಹುದು.

ಮುಖ್ಯ ಅಪಾಯಗಳು ಈ ಕೆಳಕಂಡಂತಿವೆ:

(1) ಕದ್ದು ಕೇಳುವುದು: ನೀರು ಅಥವಾ ವಿದ್ಯುತ್ ಬಳಕೆಯ ಅಳತೆಯಿಂದ ಮನೆಯಲ್ಲಿ ಜನರಿದ್ದಾರೆಯೇ, ಎಷ್ಟು ದಿನಗಳಿಂದ ಬೀಗ ಹಾಕಲಾಗಿದೆ ಎಂಬುದನ್ನು ಊಹಿಸಬಹುದು.

(2) ಸುಳ್ಳು ಸಂದೇಶ: ಜಾಲಕ್ಕೆ ಸೇರದ ಉಪಕರಣವು ಜಾಲದ ನೋಡ್‌ನ ಹೆಸರಿನಲ್ಲಿ ಅಳತೆ ಅಥವಾ ಆದೇಶ ಕಳುಹಿಸುವುದು.

(3) ಹಳೆಯ ಸಂದೇಶದ ಮರುಬಳಕೆ: ನಿಜವಾದ ಸಂದೇಶವನ್ನು ಹಿಡಿದಿಟ್ಟುಕೊಂಡು ಇನ್ನೊಂದು ದಿನ ಅದನ್ನೇ ಮತ್ತೆ ಕಳುಹಿಸುವುದು. ಪಾವತಿಯಾದ ರಸೀದಿಯನ್ನು ಎರಡನೆಯ ಬಾರಿ ಹಾಜರುಪಡಿಸಿ ಹಣ ಪಡೆದಂತೆ ಇದು. ಮುದ್ರೆ ಅಸಲಿಯಾಗಿರುವುದರಿಂದ ಮುದ್ರೆಯ ಪರಿಶೀಲನೆಯೊಂದರಿಂದಲೇ ಇದನ್ನು ಪತ್ತೆಹಚ್ಚಲಾಗುವುದಿಲ್ಲ.

(4) ಮಾರ್ಗ ತಪ್ಪಿಸುವುದು: ಒಂದು ನೋಡ್ ತನ್ನ ಮೂಲಕ ಹತ್ತಿರದ ದಾರಿಯಿದೆಯೆಂದು ಸುಳ್ಳು ಹೇಳಿ ನೆರೆಯ ನೋಡ್‌ಗಳ ಸಂದೇಶಗಳನ್ನೆಲ್ಲ ತನ್ನತ್ತ ಸೆಳೆದು ತಡೆಹಿಡಿಯುವುದು.

(5) ನೋಡ್ ವಶಪಡಿಸಿಕೊಳ್ಳುವುದು: ನೋಡ್‌ಗಳು ಹೊಲದಲ್ಲಿ, ಕಂಬದ ಮೇಲೆ, ಬಾವಿಯ ಪಕ್ಕದಲ್ಲಿ ಕಾವಲಿಲ್ಲದೆ ಇರುತ್ತವೆ. ಅವುಗಳನ್ನು ಬಿಚ್ಚಿ ಒಳಗಿರುವ ಕೀಲಿಯನ್ನು ತೆಗೆಯಲು ಸಾಧ್ಯವಿರುತ್ತದೆ.

(6) ಬ್ಯಾಟರಿ ಬರಿದುಮಾಡುವುದು ಮತ್ತು ತರಂಗಗಳಿಗೆ ಅಡ್ಡಿಪಡಿಸುವುದು.

ಸುಳ್ಳು ಆದೇಶದಿಂದ ಆಗಬಹುದಾದ ಹಾನಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಮರೂಚಿ ಪ್ರದೇಶದಲ್ಲಿ 2000ನೇ ಇಸವಿಯಲ್ಲಿ ನಡೆದ ಘಟನೆ ಉದಾಹರಣೆಯಾಗಿದೆ. ಅಲ್ಲಿನ ಸ್ಥಳೀಯ ಸಂಸ್ಥೆಯ ಒಳಚರಂಡಿ ಪಂಪು ಕೇಂದ್ರಗಳನ್ನು ರೇಡಿಯೋ ಮೂಲಕ ನಿಯಂತ್ರಿಸಲಾಗುತ್ತಿತ್ತು. ಆ ವ್ಯವಸ್ಥೆಯನ್ನು ಅಳವಡಿಸಿದ ಗುತ್ತಿಗೆ ಸಂಸ್ಥೆಯಲ್ಲಿ ಈ ಹಿಂದೆ ಕೆಲಸ ಮಾಡಿದ್ದ ವ್ಯಕ್ತಿಯೊಬ್ಬನು ಲ್ಯಾಪ್‌ಟಾಪ್ ಹಾಗೂ ರೇಡಿಯೋ ಉಪಕರಣ ಬಳಸಿ ಪಂಪುಗಳಿಗೆ ಸುಳ್ಳು ಆದೇಶಗಳನ್ನು ನೀಡಿದನು. ಸುಮಾರು 8 ಲಕ್ಷ ಲೀಟರ್ ಕೊಳಚೆ ನೀರು ಉದ್ಯಾನಗಳಿಗೂ ಹೊಳೆಗಳಿಗೂ ಹರಿಯಿತು. ಪಂಪುಗಳ ವೈಫಲ್ಯವನ್ನು ಮೊದಲಿಗೆ ಉಪಕರಣಗಳ ದೋಷವೆಂದೇ ಭಾವಿಸಲಾಗಿತ್ತು. 2001ರಲ್ಲಿ ಆತನಿಗೆ 2 ವರ್ಷಗಳ ಸೆರೆವಾಸ ವಿಧಿಸಲಾಯಿತು. ಆದೇಶ ನೀಡುತ್ತಿರುವವರು ಯಾರು ಎಂಬುದನ್ನು ಪರಿಶೀಲಿಸುವ ಏರ್ಪಾಡು ಇಲ್ಲದಿದ್ದಲ್ಲಿ, ವ್ಯವಸ್ಥೆಯನ್ನು ಬಲ್ಲ ಯಾರು ಬೇಕಾದರೂ ಅದನ್ನು ನಡೆಸಬಹುದು ಎಂಬುದು ಈ ಪ್ರಕರಣದಿಂದ ತಿಳಿದುಬರುತ್ತದೆ.

4. ನೋಡ್‌ಗಳ ಮಿತಿ

ಬ್ಯಾಂಕಿನ ಗಣಕಗಳಲ್ಲಿ ಬಳಸುವ ಭದ್ರತಾ ವಿಧಾನಗಳನ್ನು ಯಥಾವತ್ತಾಗಿ ನೋಡ್‌ಗಳಲ್ಲಿ ಅಳವಡಿಸಲು ಆಗುವುದಿಲ್ಲ. 2000ರ ದಶಕದಲ್ಲಿ ಸಂಶೋಧನೆಗಳಲ್ಲಿ ಹೆಚ್ಚಾಗಿ ಬಳಕೆಯಾದ ಮೈಕಾ-2 ಎಂಬ ನೋಡ್ 4 ಕಿಲೋಬೈಟ್ ಕಾರ್ಯಸ್ಮೃತಿ ಹಾಗೂ 128 ಕಿಲೋಬೈಟ್ ಕ್ರಮವಿಧಿ ಸ್ಮೃತಿ ಹೊಂದಿದ್ದು, ಎರಡು ಸಾಧಾರಣ ಪೆನ್ಸಿಲ್ ಸೆಲ್‌ಗಳಿಂದ ನಡೆಯುತ್ತಿತ್ತು. ಇಂದಿನ ನೋಡ್‌ಗಳು ಇದಕ್ಕಿಂತ ಸಮರ್ಥವಾಗಿದ್ದರೂ, ಒಂದೇ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯಬೇಕಾದ ಅಗತ್ಯ ಹಾಗೆಯೇ ಉಳಿದಿದೆ. ಲೆಕ್ಕ ಮಾಡುವುದಕ್ಕಿಂತ ರೇಡಿಯೋ ಮೂಲಕ ಕಳುಹಿಸುವುದಕ್ಕೆ ಹೆಚ್ಚು ವಿದ್ಯುತ್ ವ್ಯಯವಾಗುತ್ತದೆ. ಆದ್ದರಿಂದ ಭದ್ರತೆಗಾಗಿ ಸೇರಿಸುವ ಪ್ರತಿ ಬೈಟ್‌ಗೂ ಬೆಲೆ ತೆರಬೇಕಾಗುತ್ತದೆ.

ಹಾಗೆಂದು ಭದ್ರತೆ ದುಬಾರಿಯೆಂಬ ವಾದವನ್ನು ಒಪ್ಪುವಂತಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಟೈನಿಸೆಕ್ ಎಂಬ ವ್ಯವಸ್ಥೆಯಲ್ಲಿ ಕೇವಲ 4 ಬೈಟ್‌ಗಳ ದೃಢೀಕರಣ ಮುದ್ರೆಯನ್ನು ಬಳಸಲಾಯಿತು. ದೃಢೀಕರಣ ಮಾತ್ರ ಇದ್ದಲ್ಲಿ ವಿದ್ಯುತ್ ವ್ಯಯ ಸುಮಾರು ಶೇ. 3ರಷ್ಟು, ಗೂಢಲಿಪಿಯೂ ಸೇರಿದಲ್ಲಿ ಸುಮಾರು ಶೇ. 10ರಷ್ಟು ಹೆಚ್ಚಾಯಿತು. ಅಂದಿನ ರೇಡಿಯೋದ ವೇಗ ಸೆಕೆಂಡಿಗೆ 19.2 ಕಿಲೋಬಿಟ್ ಇದ್ದು, ಸೆಕೆಂಡಿಗೆ ಸುಮಾರು 40 ಸುಳ್ಳು ಸಂದೇಶಗಳನ್ನಷ್ಟೇ ಪ್ರಯತ್ನಿಸಬಹುದಾಗಿತ್ತು. ಈ ವೇಗದಲ್ಲಿ ಊಹೆಯಿಂದ ಒಂದು ಸುಳ್ಳು ಮುದ್ರೆಯನ್ನು ಹೊಂದಿಸಲು ಸರಾಸರಿ 20 ತಿಂಗಳಿಗಿಂತ ಹೆಚ್ಚು ಕಾಲ ಬೇಕಾಗುತ್ತಿತ್ತು. ಇಂದಿನ ರೇಡಿಯೋಗಳು ಹೆಚ್ಚು ವೇಗವುಳ್ಳವಾದ್ದರಿಂದ 8 ಅಥವಾ 16 ಬೈಟ್‌ಗಳ ಮುದ್ರೆ ಅಪೇಕ್ಷಣೀಯ.

ಇದೇ ಸಂಶೋಧಕರು ಹಳೆಯ ಸಂದೇಶದ ಮರುಬಳಕೆಯನ್ನು ತಡೆಯುವ ಕೆಲಸವನ್ನು ಟೈನಿಸೆಕ್‌ನಲ್ಲಿ ಉದ್ದೇಶಪೂರ್ವಕವಾಗಿ ಸೇರಿಸಲಿಲ್ಲ. ಪ್ರತಿಯೊಂದು ನೆರೆಯ ನೋಡ್‌ನಿಂದ ಬಂದ ಕೊನೆಯ ಸಂದೇಶದ ಕ್ರಮಸಂಖ್ಯೆಯನ್ನು ನೆನಪಿಡಲು ಚಿಕ್ಕ ನೋಡ್‌ನಲ್ಲಿ ಸ್ಥಳ ಸಾಲದು, ಆದ್ದರಿಂದ ಆ ಕೆಲಸ ಮೇಲಿನ ಸ್ತರಕ್ಕೆ ಸೇರತಕ್ಕದ್ದು ಎಂಬುದು ಅವರ ಅಭಿಪ್ರಾಯವಾಗಿತ್ತು. ಅದೇ ರೀತಿ, 2003ರಲ್ಲಿ ಮೊದಲು ಪ್ರಕಟವಾದ ಐಇಇಇ 802.15.4 ಎಂಬ ರೇಡಿಯೋ ಮಾನಕವು 128 ಬಿಟ್‌ಗಳ ಗೂಢಲಿಪಿಯನ್ನು ಒದಗಿಸುತ್ತದೆಯಾದರೂ, ಕೀಲಿಯನ್ನು ಯಾರು ನೀಡಬೇಕು, ಹೇಗೆ ಬದಲಾಯಿಸಬೇಕು ಎಂಬುದನ್ನು ಮೇಲಿನ ಸ್ತರಗಳಿಗೆ ಬಿಟ್ಟಿರುತ್ತದೆ. ಹೀಗೆ ರೇಡಿಯೋ ಸ್ತರ ಬಿಟ್ಟುಕೊಟ್ಟ ಕೆಲಸಗಳನ್ನು ಯಾರೂ ವಹಿಸಿಕೊಳ್ಳದಿದ್ದಲ್ಲಿ ಅವು ನಡೆಯದೇ ಉಳಿಯುತ್ತವೆ. ಮಧ್ಯಸ್ತರವು ವಹಿಸಿಕೊಳ್ಳಬೇಕಾದದ್ದು ಈ ಕೆಲಸಗಳನ್ನೇ.

5. ಮಧ್ಯಸ್ತರದ ಭದ್ರತಾ ಕಾರ್ಯಗಳು

ಭದ್ರತೆಯನ್ನು ಪ್ರತಿ ಅನ್ವಯಿಕ ತಂತ್ರಾಂಶದಲ್ಲೂ ಪ್ರತ್ಯೇಕವಾಗಿ ಬರೆಯುತ್ತಾ ಹೋದಲ್ಲಿ, ಬಿಲ್ಲಿನ ತಂತ್ರಾಂಶದಲ್ಲಿ ಇರುವ ಪರಿಶೀಲನೆ ಪಂಪಿನ ತಂತ್ರಾಂಶದಲ್ಲಿ ಇಲ್ಲದೇ ಹೋಗಬಹುದು. ಒಂದೇ ಮಧ್ಯಸ್ತರದಲ್ಲಿ ಒಮ್ಮೆ ಸರಿಯಾಗಿ ಅಳವಡಿಸಿದಲ್ಲಿ ಎಲ್ಲ ತಂತ್ರಾಂಶಗಳಿಗೂ ಅದೇ ನಿಯಮ ಅನ್ವಯವಾಗುತ್ತದೆ. ಮಧ್ಯಸ್ತರವು ನಿರ್ವಹಿಸಬೇಕಾದ ಕಾರ್ಯಗಳು ಈ ಕೆಳಕಂಡಂತಿರುತ್ತವೆ:

(1) ಗುರುತಿನ ಪರಿಶೀಲನೆ: ನೋಂದಾಯಿತ ನೋಡ್‌ನಿಂದ ಬಂದ, ಮುದ್ರೆ ತಾಳೆಯಾದ ಸಂದೇಶವನ್ನು ಮಾತ್ರ ಸ್ವೀಕರಿಸುವುದು. ಉಳಿದವನ್ನು ತಿರಸ್ಕರಿಸಿ, ತಿರಸ್ಕರಿಸಿದ್ದನ್ನೂ ದಾಖಲಿಸುವುದು.

(2) ಕ್ರಮಸಂಖ್ಯೆಯ ಪರಿಶೀಲನೆ: ಪ್ರತಿ ನೋಡ್‌ನ ಕೊನೆಯ ಕ್ರಮಸಂಖ್ಯೆಯನ್ನು ನೆನಪಿಟ್ಟುಕೊಂಡು, ಅದಕ್ಕೆ ಸಮ ಅಥವಾ ಕಡಿಮೆ ಸಂಖ್ಯೆಯ ಸಂದೇಶ ಬಂದಲ್ಲಿ ಮರುಬಳಕೆಯೆಂದು ನಿರಾಕರಿಸುವುದು.

(3) ಅಧಿಕಾರದ ಪರಿಶೀಲನೆ: ಅಳತೆಯನ್ನು ಯಾರು ನೋಡಬಹುದು, ಕವಾಟ ಅಥವಾ ಪಂಪಿಗೆ ಯಾರು ಆದೇಶ ನೀಡಬಹುದು ಎಂಬುದನ್ನು ಪ್ರತ್ಯೇಕವಾಗಿ ನಿಗದಿಪಡಿಸುವುದು. ನೋಡುವ ಅಧಿಕಾರವುಳ್ಳವರಿಗೆಲ್ಲ ಆದೇಶ ನೀಡುವ ಅಧಿಕಾರ ಇರಕೂಡದು.

(4) ಆದೇಶಗಳ ದೃಢೀಕರಣ: ಕೇಂದ್ರದಿಂದ ಎಲ್ಲ ನೋಡ್‌ಗಳಿಗೂ ಹೋಗುವ ಆದೇಶ ನಿಜವಾಗಿಯೂ ಕೇಂದ್ರದ್ದೇ ಎಂದು ನೋಡ್‌ಗಳು ತಿಳಿಯುವಂತೆ ಮಾಡುವುದು. ಬರ್ಕ್ಲಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಸ್ಪಿನ್ಸ್ ಎಂಬ ವ್ಯವಸ್ಥೆಯಲ್ಲಿ ಇದಕ್ಕೊಂದು ಸರಳ ಉಪಾಯವಿದೆ. ಆದೇಶವನ್ನು ಮೊದಲು ಮುದ್ರೆಯೊಂದಿಗೆ ಕಳುಹಿಸಿ, ಸ್ವಲ್ಪ ಸಮಯದ ನಂತರ ಆ ಮುದ್ರೆಯ ಕೀಲಿಯನ್ನು ಬಹಿರಂಗಪಡಿಸಲಾಗುತ್ತದೆ. ಕೀಲಿ ಬಹಿರಂಗವಾಗುವ ವೇಳೆಗೆ ಆ ಕೀಲಿಯ ಅವಧಿ ಮುಗಿದಿರುವುದರಿಂದ, ಅದನ್ನು ಬಳಸಿ ಯಾರೂ ಹೊಸ ಆದೇಶವನ್ನು ಸೃಷ್ಟಿಸಲಾರರು.

(5) ತಂತ್ರಾಂಶದ ನವೀಕರಣ: ತಯಾರಕರ ಡಿಜಿಟಲ್ ಸಹಿಯುಳ್ಳ ನವೀಕರಣವನ್ನು ಮಾತ್ರ ನೋಡ್‌ಗಳಿಗೆ ತಲುಪಿಸುವುದು.

(6) ಅಸಹಜ ಅಳತೆಗಳ ಪತ್ತೆ: ಒಂದು ನೋಡ್‌ನ ಅಳತೆ ನೆರೆಯ ನೋಡ್‌ಗಳಿಗಿಂತ ಏಕಾಏಕಿ ಭಿನ್ನವಾದಲ್ಲಿ ಅಥವಾ ತಿರಸ್ಕೃತ ಸಂದೇಶಗಳು ಹೆಚ್ಚಾದಲ್ಲಿ ಎಚ್ಚರಿಕೆ ನೀಡುವುದು. ಕೀಲಿ ಸಹಿತ ವಶವಾದ ನೋಡ್ ಅಸಲಿ ಮುದ್ರೆಯೊಂದಿಗೇ ಸುಳ್ಳು ಹೇಳಬಲ್ಲದಾದ್ದರಿಂದ ಈ ಕಾರ್ಯ ಅತ್ಯಗತ್ಯ.

6. ಕೀಲಿಗಳ ನಿರ್ವಹಣೆ

ಸಂವೇದಕ ಜಾಲದ ಭದ್ರತೆ ಅಂತಿಮವಾಗಿ ಕೀಲಿಗಳ ನಿರ್ವಹಣೆಯ ಮೇಲೆ ನಿಂತಿರುತ್ತದೆ. ಎಲ್ಲ ನೋಡ್‌ಗಳಿಗೂ ಒಂದೇ ಕೀಲಿ ನೀಡುವುದು ಸುಲಭ ಹಾಗೂ ಅಗ್ಗ. ಆದರೆ ಒಂದು ನೋಡ್ ಬಿಚ್ಚಿದವರಿಗೆ ಇಡೀ ಜಾಲ ತೆರೆದುಕೊಳ್ಳುತ್ತದೆ. 2016ರಲ್ಲಿ ಇಸ್ರೇಲ್ ಹಾಗೂ ಕೆನಡಾದ ಸಂಶೋಧಕರು, ಮಾರುಕಟ್ಟೆಯಲ್ಲಿ ದೊರೆಯುತ್ತಿದ್ದ ಒಂದು ಬಗೆಯ ನಿಸ್ತಂತು ದೀಪಗಳ ನವೀಕರಣಕ್ಕೆ ಬಳಸುತ್ತಿದ್ದ ಸಾಮಾನ್ಯ ಕೀಲಿಯನ್ನು ದೀಪದ ವಿದ್ಯುತ್ ಬಳಕೆಯ ಏರಿಳಿತಗಳನ್ನು ಅಳೆದೇ ಪತ್ತೆಮಾಡಿದರು. ಆ ಕೀಲಿಯಿಂದ, ಅದೇ ಬಗೆಯ ಇತರ ದೀಪಗಳನ್ನೂ ದೂರದಿಂದಲೇ ತಮ್ಮ ಹತೋಟಿಗೆ ತೆಗೆದುಕೊಳ್ಳಲು ಸಾಧ್ಯವೆಂದು ಅವರು ತೋರಿಸಿಕೊಟ್ಟರು.

ಇದಕ್ಕೆ ಪರಿಹಾರವಾಗಿ 2003ರಲ್ಲಿ ಪ್ರಕಟವಾದ ಲೀಪ್ ಎಂಬ ವಿಧಾನದಲ್ಲಿ ಪ್ರತಿ ನೋಡ್‌ಗೆ ನಾಲ್ಕು ಬಗೆಯ ಕೀಲಿಗಳನ್ನು ಸೂಚಿಸಲಾಗಿದೆ: ಕೇಂದ್ರದೊಡನೆ ಮಾತ್ರ ಹಂಚಿಕೊಂಡ ಸ್ವಂತ ಕೀಲಿ, ಒಂದೊಂದು ನೆರೆಯ ನೋಡ್‌ನೊಡನೆ ಹಂಚಿಕೊಂಡ ಜೋಡಿ ಕೀಲಿ, ನೆರೆಹೊರೆಯ ಗುಂಪಿನ ಕೀಲಿ ಹಾಗೂ ಇಡೀ ಜಾಲದ ಕೀಲಿ. ಒಂದು ನೋಡ್ ವಶವಾದರೂ ಹಾನಿ ಅದರ ನೆರೆಹೊರೆಗೆ ಸೀಮಿತವಾಗುತ್ತದೆ. ಇಷ್ಟು ಕೀಲಿಗಳನ್ನು ವಿತರಿಸಿ, ಅವಧಿ ಮುಗಿದಾಗ ಬದಲಾಯಿಸಿ, ಕಳುವಾದ ನೋಡ್‌ನ ಕೀಲಿಯನ್ನು ರದ್ದುಪಡಿಸುವ ಕೆಲಸವನ್ನು ಕೈಯಿಂದ ಮಾಡಲು ಸಾಧ್ಯವಿಲ್ಲ. ಮಧ್ಯಸ್ತರವೇ ಅದನ್ನು ನಿರ್ವಹಿಸಬೇಕಾಗುತ್ತದೆ.

7. ನಡುದಾರಿಯ ಲೆಕ್ಕಾಚಾರ ಮತ್ತು ಗೋಪ್ಯತೆ

ಸಂದೇಶಗಳ ಸಂಖ್ಯೆಯನ್ನು ಕಡಿಮೆ ಮಾಡಲು ಕೆಲವು ಮಧ್ಯಸ್ತರಗಳು ನಡುದಾರಿಯಲ್ಲೇ ಮೊತ್ತ ಅಥವಾ ಸರಾಸರಿ ತೆಗೆಯುತ್ತವೆ. ಬರ್ಕ್ಲಿಯಲ್ಲಿ 2000ರ ದಶಕದ ಆರಂಭದಲ್ಲಿ ರೂಪುಗೊಂಡ ಟೈನಿಡಿಬಿ ಎಂಬ ಮಧ್ಯಸ್ತರದಲ್ಲಿ ಇಡೀ ಜಾಲವನ್ನೇ ಒಂದು ದತ್ತಸಂಚಯದಂತೆ ಪ್ರಶ್ನಿಸಬಹುದಾಗಿತ್ತು. ಹತ್ತು ನೋಡ್‌ಗಳ ಸರಾಸರಿ ಕೇಳಿದಲ್ಲಿ ಹತ್ತು ಅಳತೆಗಳು ಕೇಂದ್ರದವರೆಗೆ ಬರುವ ಬದಲು, ದಾರಿಯಲ್ಲಿನ ನೋಡ್‌ಗಳೇ ಕೂಡಿ ಮುಂದಕ್ಕೆ ಕಳುಹಿಸುತ್ತಿದ್ದವು.

ಇದರಿಂದ ಬ್ಯಾಟರಿ ಉಳಿಯುತ್ತದೆ. ಆದರೆ ಕೂಡಬೇಕಾದರೆ ನಡುವಿನ ನೋಡ್ ಅಳತೆಯನ್ನು ಓದಲೇಬೇಕಾಗುತ್ತದೆ. ಅಂದರೆ ಅಳತೆ ಹೊರಟಲ್ಲಿಂದ ತಲುಪುವವರೆಗೆ ಗೂಢಲಿಪಿಯಲ್ಲೇ ಇರುವುದಿಲ್ಲ ಹಾಗೂ ನಡುವಿನ ಒಂದು ನೋಡ್ ಸುಳ್ಳು ಹೇಳಿದರೆ ಇಡೀ ಮೊತ್ತ ಸುಳ್ಳಾಗುತ್ತದೆ. ಈ ಕಾರಣದಿಂದ, ಹಣಕಾಸಿನ ಲೆಕ್ಕಕ್ಕೆ ಆಧಾರವಾಗುವ ಅಳತೆಗಳನ್ನು ನಡುದಾರಿಯಲ್ಲಿ ಕೂಡದೆ, ಪ್ರತಿಯೊಂದನ್ನೂ ಪ್ರತ್ಯೇಕ ಮುದ್ರೆಯೊಂದಿಗೆ ಕೇಂದ್ರಕ್ಕೆ ತಲುಪಿಸುವುದು ಸೂಕ್ತ. ಹವಾಮಾನ, ಮಣ್ಣಿನ ತೇವಾಂಶ ಮುಂತಾದವುಗಳ ಸರಾಸರಿಯನ್ನು ನಡುದಾರಿಯಲ್ಲಿ ತೆಗೆಯಬಹುದು.

8. ಪ್ರಚಲಿತ ಮಾನಕಗಳು

(1) ವನ್‌ಎಂ-ಟು-ಎಂ: ವಿವಿಧ ದೇಶಗಳ ದೂರಸಂಪರ್ಕ ಮಾನಕ ಸಂಸ್ಥೆಗಳು 2012ರಲ್ಲಿ ಒಟ್ಟಾಗಿ ಆರಂಭಿಸಿದ ಈ ಮಾನಕವು ಉಪಕರಣಗಳಿಗೂ ಅನ್ವಯಿಕ ತಂತ್ರಾಂಶಗಳಿಗೂ ನಡುವಿನ ಸಾಮಾನ್ಯ ಸೇವಾ ಸ್ತರವನ್ನು ವಿವರಿಸುತ್ತದೆ. ಭಾರತದಲ್ಲಿ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರವು ಇದನ್ನು ರಾಷ್ಟ್ರೀಯ ಮಾನಕವಾಗಿ ಅಂಗೀಕರಿಸಿದೆ. ಕೇಂದ್ರ ಸರ್ಕಾರದ ಸಿ-ಡಾಟ್ ಸಂಸ್ಥೆಯು ಇದಕ್ಕೆ ಅನುಗುಣವಾದ ವೇದಿಕೆಯನ್ನು ಅಭಿವೃದ್ಧಿಪಡಿಸಿದೆ.

(2) ಎಂಕ್ಯೂಟಿಟಿ: 1999ರಲ್ಲಿ ರೂಪುಗೊಂಡ, ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಸಂದೇಶ ವಿನಿಮಯ ವಿಧಾನ. ಇದರಲ್ಲಿ ಭದ್ರತೆ ಐಚ್ಛಿಕ. 1883 ಸಂಖ್ಯೆಯ ಪೋರ್ಟ್‌ನಲ್ಲಿ ಸಂದೇಶಗಳು ಸಾಮಾನ್ಯವಾಗಿ ತೆರೆದ ಸ್ಥಿತಿಯಲ್ಲೂ, 8883 ಸಂಖ್ಯೆಯ ಪೋರ್ಟ್‌ನಲ್ಲಿ ಗೂಢಲಿಪಿಯಲ್ಲೂ ಹೋಗುತ್ತವೆ. ಎರಡನೆಯದನ್ನೇ ಬಳಸುವಂತೆ ಸೇವಾದಾರರನ್ನು ಕೋರತಕ್ಕದ್ದು.

(3) ಲೋರಾವ್ಯಾನ್: ದೂರದ ಮಾಪಕಗಳಿಗೆ ಬಳಕೆಯಾಗುವ ಈ ವಿಧಾನದಲ್ಲಿ ಜಾಲಕ್ಕೆ ಒಂದು, ಅಳತೆಯ ವಿಷಯಕ್ಕೆ ಇನ್ನೊಂದು ಹೀಗೆ ಪ್ರತ್ಯೇಕ ಕೀಲಿಗಳಿರುತ್ತವೆ. ಎರಡನೆಯ ಕೀಲಿ ಗ್ರಾಹಕರ ಬಳಿ ಮಾತ್ರ ಇದ್ದಲ್ಲಿ, ಜಾಲ ನಡೆಸುವವರು ಸಂದೇಶವನ್ನು ಸಾಗಿಸಬಹುದೇ ಹೊರತು ಓದಲಾರರು.

(4) ಆಸ್ಕೋರ್: 2019ರಲ್ಲಿ ಪ್ರಕಟವಾದ ಈ ಮಾನಕದಲ್ಲಿ, ನಡುವೆ ಗೇಟ್‌ವೇಗಳು ಎಷ್ಟೇ ಇದ್ದರೂ ಸಂದೇಶದ ವಿಷಯ ಕೊನೆಯವರೆಗೆ ಗೂಢಲಿಪಿಯಲ್ಲೇ ಇರುತ್ತದೆ.

(5) ಆಸ್ಕಾನ್: ಚಿಕ್ಕ ಉಪಕರಣಗಳಿಗೆಂದೇ ಸಿದ್ಧಪಡಿಸಲಾದ ಹಗುರ ಗೂಢಲಿಪಿ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2023ರಲ್ಲಿ ಇದನ್ನು ಆಯ್ಕೆ ಮಾಡಿ 2025ರಲ್ಲಿ ಮಾನಕವಾಗಿ ಪ್ರಕಟಿಸಿತು.

9. ಮಧ್ಯಸ್ತರದ ಮಿತಿಗಳು

ಎಲ್ಲ ಸಂದೇಶಗಳೂ ಒಂದೇ ಬಾಗಿಲ ಮೂಲಕ ಹೋಗುವುದರಿಂದ ಆ ಬಾಗಿಲು ಭದ್ರವಾಗಿರುವುದು ಮೊದಲ ಅಗತ್ಯ. ಗೇಟ್‌ವೇ ಅಥವಾ ಸರ್ವರ್‌ನ ಗುಪ್ತಪದ ತಿಳಿದವರಿಗೆ ನೂರಾರು ನೋಡ್‌ಗಳು ಒಟ್ಟಿಗೆ ದೊರೆಯುತ್ತವೆ. 2016ರಲ್ಲಿ ಹರಡಿದ ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯಲ್ಲಿ ಹಾಕಿದ ಗುಪ್ತಪದಗಳನ್ನು ಬದಲಾಯಿಸದೇ ಬಿಟ್ಟಿದ್ದ ಕ್ಯಾಮೆರಾ ಹಾಗೂ ರೌಟರ್‌ಗಳನ್ನು, ಸುಮಾರು 60 ಗುಪ್ತಪದಗಳ ಪಟ್ಟಿಯೊಂದರಿಂದಲೇ ವಶಪಡಿಸಿಕೊಂಡಿತ್ತು.

ಮಧ್ಯಸ್ತರವು ರೇಡಿಯೋ ಅಡ್ಡಿಯನ್ನು ತಡೆಯಲಾರದು. ಅಡ್ಡಿಯಾಗಿದೆ ಎಂದು ತಿಳಿಸಬಲ್ಲದು, ಅಷ್ಟೆ. ಸಂವೇದಕವೇ ತಪ್ಪು ಅಳೆದಲ್ಲಿ, ಆ ತಪ್ಪು ಅಳತೆಯೂ ಅಸಲಿ ಮುದ್ರೆಯೊಂದಿಗೆ ಬರುತ್ತದೆ. ಆದ್ದರಿಂದ ಭದ್ರತೆಯಿದ್ದ ಮಾತ್ರಕ್ಕೆ ನಿಯತ ಕಾಲಿಕ ಸ್ಥಳ ತಪಾಸಣೆ ಹಾಗೂ ಮಾಪಕದ ತಾಳೆ ನೋಡುವುದನ್ನು ಕೈಬಿಡಕೂಡದು.

10. ಸೇವಾದಾರರಿಂದ ಅರ್ಜಿದಾರರು ಪಡೆಯಬೇಕಾದ ವಿವರಗಳು

ಒಪ್ಪಂದಕ್ಕೆ ಸಹಿ ಮಾಡುವ ಮುನ್ನ ಈ ಕೆಳಕಂಡ ವಿವರಗಳನ್ನು ಲಿಖಿತವಾಗಿ ಪಡೆಯುವುದು ಸೂಕ್ತ:

(1) ಪ್ರತಿ ನೋಡ್‌ಗೆ ಪ್ರತ್ಯೇಕ ಕೀಲಿ ಇದೆಯೇ ಅಥವಾ ಎಲ್ಲಕ್ಕೂ ಒಂದೇ ಕೀಲಿಯೇ?

(2) ಕೀಲಿಗಳು ಯಾರ ಸುಪರ್ದಿಯಲ್ಲಿರುತ್ತವೆ? ಒಪ್ಪಂದ ಮುಗಿದಾಗ ಅವುಗಳನ್ನು ಗ್ರಾಹಕರಿಗೆ ಹಸ್ತಾಂತರಿಸಲಾಗುವುದೇ ಹಾಗೂ ಸೇವಾದಾರರ ಮತ್ತು ಅವರ ಮಾಜಿ ನೌಕರರ ಪ್ರವೇಶವನ್ನು ರದ್ದುಪಡಿಸುವ ವಿಧಾನವೇನು?

(3) ನೋಡ್ ಕಳುವಾದಲ್ಲಿ ಅದರ ಕೀಲಿಯನ್ನು ಎಷ್ಟು ಅವಧಿಯೊಳಗೆ ರದ್ದುಪಡಿಸಲಾಗುವುದು?

(4) ಹಳೆಯ ಸಂದೇಶದ ಮರುಬಳಕೆಯನ್ನು ತಡೆಯುವ ವ್ಯವಸ್ಥೆ ಇದೆಯೇ?

(5) ನವೀಕರಣಗಳಿಗೆ ಡಿಜಿಟಲ್ ಸಹಿ ಇದೆಯೇ? ಎಷ್ಟು ವರ್ಷಗಳವರೆಗೆ ನವೀಕರಣ ಒದಗಿಸಲಾಗುವುದು?

(6) ಸ್ವೀಕೃತ ಹಾಗೂ ತಿರಸ್ಕೃತ ಸಂದೇಶಗಳ ದಾಖಲೆಯನ್ನು ಎಷ್ಟು ಕಾಲ ಇಡಲಾಗುವುದು? ವಿವಾದ ಉಂಟಾದಲ್ಲಿ ಗ್ರಾಹಕರಿಗೆ ಅದರ ಪ್ರತಿ ದೊರೆಯುವುದೇ?

(7) ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಸಲಕರಣೆ ಮಾದರಿ ಅನುಮೋದನೆ ಇದೆಯೇ? ಯಂತ್ರದಿಂದ ಯಂತ್ರಕ್ಕೆ ಸಂವಹನ ಸೇವೆ ಒದಗಿಸುವವರ ನೋಂದಣಿಗೆ 2022ರ ಫೆಬ್ರವರಿಯಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಲಾಗಿದ್ದು, ಸೇವಾದಾರರ ನೋಂದಣಿಯ ವಿವರವನ್ನೂ ಕೇಳತಕ್ಕದ್ದು.

(8) ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರವು 2021ರಲ್ಲಿ ಪ್ರಕಟಿಸಿದ, ಗ್ರಾಹಕ ಉಪಕರಣಗಳ ಭದ್ರತೆಯ ಆಚರಣಾ ಸಂಹಿತೆಯನ್ನು ಪಾಲಿಸಲಾಗಿದೆಯೇ? ಎಲ್ಲ ಉಪಕರಣಗಳಿಗೂ ಒಂದೇ ಪೂರ್ವನಿಗದಿತ ಗುಪ್ತಪದ ಇರಕೂಡದೆಂಬುದು ಈ ಸಂಹಿತೆಯ ಮೊದಲ ಅಂಶವಾಗಿದೆ.

11. ಕಾನೂನಿನ ರಕ್ಷಣೆ ಹಾಗೂ ದೂರು

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 43ರನ್ವಯ, ಮಾಲೀಕರ ಅನುಮತಿಯಿಲ್ಲದೆ ಗಣಕ ಅಥವಾ ಗಣಕ ಜಾಲವನ್ನು ಪ್ರವೇಶಿಸುವುದು, ಅದಕ್ಕೆ ಹಾನಿ ಅಥವಾ ಅಡ್ಡಿ ಉಂಟುಮಾಡುವುದು ಪರಿಹಾರಕ್ಕೆ ಗುರಿಪಡಿಸುವ ಕೃತ್ಯವಾಗಿರುತ್ತದೆ. ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಎಸಗಿದಲ್ಲಿ, ಕಲಂ 66ರನ್ವಯ 3 ವರ್ಷಗಳವರೆಗಿನ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. 5 ಕೋಟಿ ರೂಪಾಯಿಗಳವರೆಗಿನ ಪರಿಹಾರದ ಕೋರಿಕೆಯನ್ನು ನ್ಯಾಯನಿರ್ಣಯ ಅಧಿಕಾರಿಯವರ ಮುಂದೆ ಸಲ್ಲಿಸಬಹುದು.

ಭಾರತೀಯ ಗಣಕ ತುರ್ತು ಪ್ರತಿಕ್ರಿಯಾ ತಂಡವಾದ ಸರ್ಟ್-ಇನ್, 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಂತೆ, ಸೇವಾದಾರರು ಹಾಗೂ ಸಂಸ್ಥೆಗಳು ನಿರ್ದಿಷ್ಟ ಬಗೆಯ ಭದ್ರತಾ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕಾಗಿರುತ್ತದೆ. ಜಾಲಕ್ಕೆ ಜೋಡಿಸಲಾದ ಉಪಕರಣಗಳ ಮೇಲಿನ ದಾಳಿಗಳೂ ಇದರಲ್ಲಿ ಸೇರಿವೆ. ಸಾರ್ವಜನಿಕರು ಸೈಬರ್ ಹಣಕಾಸು ವಂಚನೆಯ ಬಗ್ಗೆ 1930 ಸಹಾಯವಾಣಿಗೆ ಕರೆ ಮಾಡಬಹುದು.

ಬಳಕೆಯ ಅಳತೆಯು ನಿರ್ದಿಷ್ಟ ವ್ಯಕ್ತಿಗೆ ಸಂಬಂಧಿಸಿದ್ದಲ್ಲಿ ಅದು ವೈಯಕ್ತಿಕ ದತ್ತಾಂಶವಾಗುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ನಿಯಮಗಳು 2025ರ ನವೆಂಬರ್ ತಿಂಗಳಿನಲ್ಲಿ ಪ್ರಕಟವಾಗಿದ್ದು, ಅದರ ಉಪಬಂಧಗಳನ್ನು ಹಂತ ಹಂತವಾಗಿ ಜಾರಿಗೊಳಿಸಲು ನಿಗದಿಪಡಿಸಲಾಗಿದೆ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೇವಲ ಮಣ್ಣಿನ ತೇವಾಂಶ ತಿಳಿಸುವ ಜಾಲಕ್ಕೂ ಭದ್ರತೆ ಬೇಕೇ?
ಉತ್ತರ: ಬೇಕು. ಅಳತೆಯನ್ನು ಗುಪ್ತವಾಗಿಡುವ ಅಗತ್ಯ ಕಡಿಮೆಯಿರಬಹುದು. ಆದರೆ ಸುಳ್ಳು ಅಳತೆಯನ್ನು ನಂಬಿ ನೀರು ಬಿಡದೇ ಇದ್ದಲ್ಲಿ ಬೆಳೆ ಹಾನಿಯಾಗುತ್ತದೆ. ಇಂತಹ ಕಡೆ ಗೂಢಲಿಪಿ ಇಲ್ಲದಿದ್ದರೂ ದೃಢೀಕರಣ ಮುದ್ರೆ ಇರಲೇಬೇಕು.

ಪ್ರಶ್ನೆ: ಗೂಢಲಿಪಿ ಬಳಸಲಾಗಿದೆ ಎಂದು ಸೇವಾದಾರರು ತಿಳಿಸಿದಲ್ಲಿ ಸಾಕೇ?
ಉತ್ತರ: ಸಾಲದು. ಗೂಢಲಿಪಿಯು ಕದ್ದು ಕೇಳುವುದನ್ನು ಮಾತ್ರ ತಡೆಯುತ್ತದೆ. ದೃಢೀಕರಣ, ಮರುಬಳಕೆಯ ತಡೆ ಹಾಗೂ ಕೀಲಿ ನಿರ್ವಹಣೆಯ ವಿವರಗಳನ್ನು ಪ್ರತ್ಯೇಕವಾಗಿ ಕೇಳತಕ್ಕದ್ದು.

ಪ್ರಶ್ನೆ: ಬಂದ ಬಿಲ್ಲಿನಲ್ಲಿನ ಅಳತೆಯ ಬಗ್ಗೆ ಅನುಮಾನವಿದ್ದಲ್ಲಿ ಏನು ಮಾಡಬೇಕು?
ಉತ್ತರ: ಮಾಪಕದ ಮೇಲೆ ಕಾಣುವ ಅಂಕಿಯನ್ನು ದಿನಾಂಕ ಸಹಿತ ಬರೆದಿಟ್ಟುಕೊಂಡು ಅಥವಾ ಛಾಯಾಚಿತ್ರ ತೆಗೆದು, ಅದೇ ದಿನಾಂಕದ ಮಧ್ಯಸ್ತರದ ದಾಖಲೆಯ ಪ್ರತಿಯನ್ನು ಲಿಖಿತ ಅರ್ಜಿಯ ಮೂಲಕ ಕೋರಬೇಕು. ಎರಡೂ ತಾಳೆಯಾಗದಿದ್ದಲ್ಲಿ ದೋಷವು ಮಾಪಕದ ನಂತರದ ಹಂತದಲ್ಲಿದೆ ಎಂದು ತಿಳಿಯಬಹುದು. ಎರಡೂ ತಾಳೆಯಾದಲ್ಲಿ ಮಾಪಕದ ತಪಾಸಣೆಗೆ ಕೋರಬೇಕು.

ಪ್ರಶ್ನೆ: ಸೇವಾದಾರ ಸಂಸ್ಥೆ ಮುಚ್ಚಿಹೋದಲ್ಲಿ ಜಾಲದ ಗತಿಯೇನು?
ಉತ್ತರ: ಕೀಲಿಗಳು ಗ್ರಾಹಕರ ಬಳಿಯಿದ್ದು, ಮಧ್ಯಸ್ತರವು ಮುಕ್ತ ಮಾನಕಕ್ಕೆ ಅನುಗುಣವಾಗಿದ್ದಲ್ಲಿ ಬೇರೆ ಸೇವಾದಾರರು ಅದನ್ನು ಮುಂದುವರಿಸಬಹುದು. ಇಲ್ಲವಾದಲ್ಲಿ ನೋಡ್‌ಗಳೆಲ್ಲವನ್ನೂ ಬದಲಾಯಿಸಬೇಕಾಗಬಹುದು. ಈ ಕಾರಣದಿಂದಲೇ ಕಂಡಿಕೆ 10ರ (2)ನೇ ಅಂಶಕ್ಕೆ ವಿಶೇಷ ಗಮನ ನೀಡತಕ್ಕದ್ದು.

ಸೂಚನೆ: ಮೇಲ್ಕಂಡ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಲಾಗಿರುತ್ತದೆ. ಅಧಿನಿಯಮ, ನಿಯಮ ಹಾಗೂ ಅಧಿಸೂಚನೆಗಳ ವಿಷಯದಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾದ ಮೂಲ ಪಾಠವೇ ಅಂತಿಮವಾಗಿರುತ್ತದೆ.